ಹಿಂದಿನ ಗೇಟಿನ ಎದುರು ಎರಡು ಕುರ್ಚಿ

ಜನವರಿ 9

ನೋವು: ಹತ್ತಕ್ಕೆ ಏಳು.

ಈ ಪುಸ್ತಕ ಕೊಟ್ಟವರು ನನ್ನ ಮಂಡಿಗೆ ವ್ಯಾಯಾಮ ಮಾಡಿಸುವ ಫಿಸಿಯೋ ಮೇಷ್ಟ್ರು. ನೋವು ಹತ್ತಕ್ಕೆ ಎಷ್ಟು ಎಂದು ದಿನವೂ ಬರೆದಿಡಬೇಕಂತೆ, ಮೂರು ತಿಂಗಳಾದ ಮೇಲೆ ಅವರು ನೋಡುತ್ತಾರಂತೆ. ಇಷ್ಟು ದಪ್ಪ ಪುಸ್ತಕದಲ್ಲಿ ದಿನಕ್ಕೊಂದು ಅಂಕಿ ಬರೆದರೆ ಉಳಿದ ಹಾಳೆಯೆಲ್ಲ ದಂಡ. ಬಾಯಿಬಿಟ್ಟು ಹೇಳಲಾಗದ್ದನ್ನು ಇಲ್ಲೇ ಕಕ್ಕುತ್ತೇನೆ. ಮೇಷ್ಟ್ರಿಗೆ ಅಂಕಿಗಳನ್ನು ಬೇರೆ ಚೀಟಿಯಲ್ಲಿ ಬರೆದುಕೊಟ್ಟರಾಯಿತು.

ಮಂಡಿಯಲ್ಲಿ ಏಳು, ಮನೆಯಲ್ಲಿ ಹತ್ತು. ಆ ಹತ್ತಕ್ಕೆ ಕಾರಣ ನಮ್ಮ ಯಜಮಾನರು.

ಪೇಪರಿನವರು ಇವರನ್ನು ಹೂಡಿಕೆಯ ಮಾಂತ್ರಿಕ ಎಂದು ಬರೆಯುತ್ತಾರೆ. ಇವರು ಕೊಂಡ ಷೇರು ಮರುದಿನವೇ ಏರುತ್ತದೆ. ಇವರು ಕೊಂಡರು ಎಂಬ ಕಾರಣಕ್ಕೇ ಏರುತ್ತದೆ. ಹೋದ ತಿಂಗಳು ಮಾಂತ್ರಿಕರಿಗೆ ಜ್ಞಾನೋದಯವಾಗಿ, ಆಸ್ತಿಯಲ್ಲಿ ಅರ್ಧ ದಾನ ಮಾಡುತ್ತೇನೆಂದು ಸಹಿ ಹಾಕಿದರು. ಏಪ್ರಿಲ್ 20ಕ್ಕೆ ಎಂಬತ್ತು ತುಂಬುತ್ತದೆ. ಅಷ್ಟರೊಳಗೆ ಯಾರಿಗೆ, ಹೇಗೆ ಎಂದು ಗೊತ್ತುಮಾಡದಿದ್ದರೆ ಆ ಅರ್ಧವನ್ನು ಏನು ಮಾಡಬೇಕೆಂದು ಆಫೀಸಿನ ಕಮಿಟಿಯೇ ತೀರ್ಮಾನಿಸುತ್ತದೆ.

ಕಮಿಟಿಯ ಮುಖ್ಯಸ್ಥರು ಮಲಗುವಾಗಲೂ ಟೈ ಬಿಚ್ಚುವುದಿಲ್ಲವೆಂದು ನನ್ನ ಅನುಮಾನ. ಟೈಯಪ್ಪ ಎಂದೇ ಹೆಸರಿಟ್ಟಿದ್ದೇನೆ. ಟೈಯಪ್ಪನವರ ತಲೆ ತುಂಬ ಒಂದು ಮ್ಯೂಸಿಯಮ್ಮು ಕೂತಿದೆ. ಅಮೃತಶಿಲೆಯ ಏಳು ಅಂತಸ್ತು, ಒಳಗೆಲ್ಲ ಇವರ ಜೀವನ ಮತ್ತು ಸಾಧನೆ, ಬಾಗಿಲಲ್ಲೇ ಇವರ ಮೇಣದ ಪ್ರತಿಮೆ. ಮನೆಯಲ್ಲಿರುವ ಒಬ್ಬರನ್ನೇ ಸಂಭಾಳಿಸಿ ಸಾಕಾಗಿದೆ ನನಗೆ. ಇವರಿಗೂ ಮ್ಯೂಸಿಯಮ್ಮು ಬೇಡ, ಆದರೆ ಬೇಡ ಎನ್ನುವುದಕ್ಕೆ ಬೇರೇನು ಬೇಕು ಎಂದೂ ಗೊತ್ತಿಲ್ಲ.

ಜನವರಿ 17

ನೋವು: ಏಳು. ಸಂಜೆ ಎಂಟು.

ಇವರು ಬೆಳಿಗ್ಗೆ ಒಂದು ಆಸ್ಪತ್ರೆಗೆ ದಾನ ಕೊಡುವ ಯೋಚನೆಯಲ್ಲಿ ನೋಡಿಬರಲು ಹೋದರು. ಮಧ್ಯಾಹ್ನ ಶಿಳ್ಳೆ ಹಾಕುತ್ತ ಬಂದರು. ಕೊಟ್ಟಿರಾ ಎಂದು ಕೇಳಿದರೆ ಚಪ್ಪಲಿ ನೋಡಿಕೊಂಡರು. ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆಯುವ ಲಾಂಡ್ರಿ ಕಂಪನಿ ಬಹಳ ಅಚ್ಚುಕಟ್ಟಾಗಿದೆಯಂತೆ. ಅಲ್ಲೇ ನಿಂತು ಫೋನಿನಲ್ಲಿ ಅದರ ಕಾಲುಭಾಗ ಕೊಂಡುಬಂದಿದ್ದರು. ಹೋದ ವಾರ ಶಾಲೆಗೆ ಕೊಡಲು ಹೋಗಿ ಬೆಂಚು ಮಾಡುವ ಕಂಪನಿ ಕೊಂಡಿದ್ದರು.

ಸಂಜೆ ಮಗಳು ಬಂದಳು. ವಕೀಲೆ, ಅಪ್ಪನ ಕಾಗದಪತ್ರವೆಲ್ಲ ಅವಳದೇ. ಫೈಲು ಮುಚ್ಚಿ ಕನ್ನಡಕ ತೆಗೆದು ಹೇಳಿದಳು: “ಅಪ್ಪ, ನೀವು ದಾನ ಮಾಡೋಕೆ ಶುರುಮಾಡಿದ ಮೇಲೆ ನಿಮ್ಮ ಆಸ್ತಿ ಇನ್ನೂ ಜಾಸ್ತಿಯಾಗಿದೆ.”

ಇವರು ಸಿಕ್ಕಿಬಿದ್ದ ಕಳ್ಳನ ಮುಖ ಮಾಡಿಕೊಂಡು, ಕೈ ಅಭ್ಯಾಸ ಕಣಮ್ಮ ಎಂದರು. ನನಗೆ ನಗು ತಡೆಯಲಿಲ್ಲ. ನಗಬಾರದಿತ್ತು. ಮಗಳ ಕಣ್ಣು ನನ್ನ ಮೇಲೆ ಬಿತ್ತು.

ಜನವರಿ 18

ನೋವು: ಎಂಟು.

ಇನ್ನು ಮುಂದೆ ಇವರು ಎಲ್ಲಿಗೆ ಹೋದರೂ ನಾನು ಜೊತೆಗೆ ಹೋಗಬೇಕು, ಇವರ ಫೋನು ನನ್ನ ಕೈಯಲ್ಲಿರಬೇಕು. ಮಗಳ ಹುಕುಂ. ಎಪ್ಪತ್ನಾಲ್ಕನೇ ವಯಸ್ಸಿಗೆ ಕಾವಲಿನ ಕೆಲಸ ಸಿಕ್ಕಿತು ನನಗೆ.

ಜನವರಿ 25

ನೋವು: ಎಂಟು, ಕುರ್ಚಿಯಿಂದಾಗಿ.

ಕಂಪನಿ ಕೊಳ್ಳುವಾಗ ಇವರು ಲೆಕ್ಕಪತ್ರ ನೋಡುವುದು ಕೊನೆಗೆ. ಮೊದಲು ಹಿಂದಿನ ಗೇಟಿನ ಎದುರು ಮಡಿಸುವ ಕುರ್ಚಿ ಹಾಕಿಕೊಂಡು ಒಂದಿಡೀ ದಿನ ಕೂರುತ್ತಾರೆ. ಮುಂದಿನ ಗೇಟಿನಲ್ಲಿ ಎಲ್ಲರೂ ನಾಟಕ ಮಾಡುತ್ತಾರೆ ಎಂಬುದು ಇವರ ವಾದ. ಮೊಟ್ಟಮೊದಲ ಸೋಪಿನ ಕಾರ್ಖಾನೆಯನ್ನು ಹೀಗೇ ಕೂತು ಆರಿಸಿದರು. ಆ ಕಥೆ ಇವರ ಜೀವನಚರಿತ್ರೆಯ ಮೊದಲನೇ ಪುಟದಲ್ಲಿದೆ: ಕೆಲಸ ಮುಗಿಸಿ ಹೊರಬರುವ ಹೆಂಗಸರ ಮುಖ ನೋಡಿ, ಬಡ ಗುಮಾಸ್ತನೊಬ್ಬ ಇದ್ದದ್ದನ್ನೆಲ್ಲ ಸುರಿದ ಕಥೆ. ಆವತ್ತು ನಾನೂ ಪಕ್ಕದಲ್ಲಿದ್ದೆ. ಆಗ ಟೈಲರ್ ಅಂಗಡಿ ಇತ್ತು ನನ್ನದು. ಹನ್ನೆರಡು ಶರ್ಟು ತೊಡೆಯ ಮೇಲಿಟ್ಟುಕೊಂಡು, ಗುಂಡಿ ತೂರುವ ತೂತುಗಳಿಗೆಲ್ಲ ಕಾಜಾ ಹಾಕಿದ್ದು ನೆನಪಿದೆ. ಅಷ್ಟೇ ನೆನಪು.

ಇವತ್ತು ಇನ್ನೊಂದು ಆಸ್ಪತ್ರೆ, ಮುಂದೆಲ್ಲ ಗಾಜು. ನಾವು ಹಿಂದೆ ಕೂತೆವು. ಎರಡು ಕುರ್ಚಿ, ಒಂದು ಫ್ಲಾಸ್ಕು, ನನಗೊಂದು ದಿಂಬು. ಆಕ್ಸಿಜನ್ ಸಿಲಿಂಡರಿನ ಲಾರಿ ಬಂದ ಕೂಡಲೇ ಇವರ ಕೈ ತಾನಾಗಿ ಜೇಬಿಗೆ ಹೋಯಿತು. ಫೋನು ನನ್ನ ದಿಂಬಿನ ಕೆಳಗಿತ್ತು. ನಾನು ಅದರ ಮೇಲೆ ಇನ್ನಷ್ಟು ಭದ್ರವಾಗಿ ಕೂತೆ.

ಎರಡು ಗಂಟೆಗೆ ನರ್ಸುಗಳ ಪಾಳಿ ಬಿಟ್ಟಿತು. ಒಬ್ಬೊಬ್ಬರೇ ಬಂದರು, ಕೊರಳಿನ ಗುರುತಿನ ಚೀಟಿ ಕಿತ್ತು ಚೀಲಕ್ಕೆ ತುರುಕುತ್ತ, ಯಾರ ಮುಖವನ್ನೂ ಯಾರೂ ನೋಡದೆ. ಇದು ಸರಿಯಿಲ್ಲ ಎಂದೆ. ಇವರು ಅಷ್ಟೊತ್ತೂ ಆಂಬುಲೆನ್ಸ್ ಎಣಿಸುತ್ತಿದ್ದರು. ಬೆಳಿಗ್ಗೆಯಿಂದ ಹದಿನಾಲ್ಕು ಬಂದಿವೆ, ಒಳ್ಳೇ ವ್ಯವಹಾರ, ನಾಳೆ ಹೇಳ್ತೀನಿ ಎಂದರು.

ಈ “ನಾಳೆ ಹೇಳ್ತೀನಿ” ಇವರ ಇನ್ನೊಂದು ಸೂತ್ರ. ಯಾರು ಏನೇ ಕೇಳಲಿ, ಒಂದು ರಾತ್ರಿ ಮಲಗಿ ಎದ್ದಲ್ಲದೆ ಉತ್ತರವಿಲ್ಲ. ಐವತ್ತೆರಡು ವರ್ಷದ ಹಿಂದೆ ಅಂಗಡಿಯಲ್ಲಿ ಇವರ ತೋಳಿನ ಅಳತೆ ತೆಗೆಯುತ್ತ, ನಾಚಿಕೆ ಬಿಟ್ಟು, ನನ್ನನ್ನು ಮದುವೆಯಾಗ್ತೀರಾ ಎಂದು ಕೇಳಿದ್ದೆ. ನಾಳೆ ಹೇಳ್ತೀನಿ ಎಂದು ಹೊರಟುಹೋದರು. ಆ ರಾತ್ರಿ ನಾನು ಕಣ್ಣು ಮುಚ್ಚಿದ್ದರೆ ಕೇಳಿ. ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಬಂದು ಹೂಂ ಎಂದರು ನಿಜ, ಆದರೆ ಆ ಒಂದು ರಾತ್ರಿಯ ಬಾಕಿ ಇನ್ನೂ ತೀರಿಲ್ಲ.

ಹೊರಡುವಾಗ ಎಂದಿನಂತೆ ದಾಪುಗಾಲು ಹಾಕಿ ಕಾರಿನ ಹತ್ತಿರ ನಿಂತು ಗಡಿಯಾರ ನೋಡುತ್ತಿದ್ದರು. ನಾನು ಕುಂಟಿಕೊಂಡು ತಲುಪುವಷ್ಟರಲ್ಲಿ ಅರ್ಧ ಪೇಪರು ಓದಿ ಮುಗಿಸಿದ್ದರು.

ಫೆಬ್ರವರಿ 4

ನೋವು: ಆರು.

ಒಂದು ಕಾಲೇಜಿನ ಹಿಂದಿನ ಗೇಟು. ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬ ಮೇಷ್ಟ್ರೂ ಹೊರಗೆ ಬರಲಿಲ್ಲ. ಎಷ್ಟು ಶ್ರದ್ಧೆ ನೋಡು ಎಂದರು ಇವರು. ಕಾವಲಿನವನನ್ನು ಕೇಳಿದೆ. ಒಳಗೆ ಹೋಗಿದ್ದರೆ ತಾನೇ ಅಮ್ಮಾ ಹೊರಗೆ ಬರೋದು ಎಂದ. ಇಬ್ಬರೂ ಕಾರು ಹತ್ತಿ ಮನೆ ಮುಟ್ಟುವವರೆಗೆ ನಕ್ಕೆವು. ಇವರು ಹೀಗೆ ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತು. ಡ್ರೈವರು ಕನ್ನಡಿಯಲ್ಲಿ ಎರಡು ಸಲ ನೋಡಿದ.

ಫೆಬ್ರವರಿ 14

ನೋವು: ಐದಿರಬಹುದು. ಇವತ್ತು ಅದರ ಕಡೆ ಗಮನವಿಲ್ಲ.

ಬಸ್ ಡಿಪೋ ಹಿಂದೆ ಒಂದು ತಗಡಿನ ಷೆಡ್ಡು. ಕಾಲಿಲ್ಲದವರ ಗಾಲಿಕುರ್ಚಿ, ಊರುಗೋಲು ರಿಪೇರಿ ಮಾಡುತ್ತಾರೆ. ನಡೆಸುವವಳು ಐವತ್ತು ದಾಟಿದ ವೆಲ್ಡರಮ್ಮ. ಹನ್ನೊಂದು ಗಂಟೆಗೆ ಕನ್ನಡಕ ಹಣೆಗೇರಿಸಿಕೊಂಡು ನಮ್ಮ ಮುಂದೆ ಬಂದು ನಿಂತಳು.

“ಬೆಳಿಗ್ಗೆಯಿಂದ ನೋಡ್ತಾ ಇದೀನಿ. ಕುರ್ಚಿ ರಿಪೇರಿಗೆ ತಂದಿದ್ರೆ ಒಳಗೆ ತನ್ನಿ. ಸುಮ್ನೆ ಕೂರೋಕೆ ಬಂದಿದ್ರೆ ಬಸ್ ಸ್ಟ್ಯಾಂಡ್ ಆ ಕಡೆ ಇದೆ.”

ಇವರು ಉತ್ತರ ಹುಡುಕುವಷ್ಟರಲ್ಲಿ ಇವರನ್ನು ಎಬ್ಬಿಸಿ, ಕಿರುಗುಟ್ಟುತ್ತಿದ್ದ ಕುರ್ಚಿಯನ್ನು ಒಳಗೆ ಒಯ್ದು, ಕೀಲಿನ ಪಕ್ಕದ ಬಿರುಕಿಗೆ ಬೆಸುಗೆ ಹಾಕಿ ತಂದಿಟ್ಟಳು. ಎಷ್ಟಾಯಿತು ಎಂದರೆ, ವಯಸ್ಸಾದವರ ಹತ್ತಿರ ಏನು ತಗೊಳೋದು ಹೋಗಿ ಎಂದಳು. ಇವರಿಗೆ ಯಾರೂ ಏನನ್ನೂ ಬಿಟ್ಟಿಯಾಗಿ ಕೊಟ್ಟು ನಲವತ್ತು ವರ್ಷವಾಗಿರಬೇಕು.

ಐದು ಗಂಟೆಗೆ ಕೆಲಸದವರು ಹೊರಬಂದರು. ಹನ್ನೊಂದು ಜನ, ಅರ್ಧ ಜನಕ್ಕೆ ಊರುಗೋಲು. ಒಬ್ಬ ಮುದುಕ ಒಳಗೇ ನಿಂತು ಕೋಟಿನ ಜಿಪ್ಪಿನ ಜೊತೆ ಗುದ್ದಾಡುತ್ತಿದ್ದ. ಉಳಿದ ಹತ್ತೂ ಜನ ಗೇಟಿನಲ್ಲಿ ನಿಂತು, ಅವನನ್ನು ಬಾಯಿಗೆ ಬಂದಂತೆ ಬೈಯುತ್ತ, ಅವನು ಬರುವವರೆಗೂ ಕಾದರು. ಒಬ್ಬರೂ ಮುಂದೆ ಹೋಗಲಿಲ್ಲ.

“ನೋಡ್ರಿ, ಒಬ್ಬರಿಗೊಬ್ಬರು ಕಾಯ್ತಾರೆ. ಇಂಥ ಜಾಗ ಮುಳುಗಲ್ಲ” ಎಂದೆ.

ಇವರು ಫ್ಲಾಸ್ಕಿನ ಮುಚ್ಚಳ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು. “ಸೋಪಿನ ಕಾರ್ಖಾನೆ ಎದುರೂ ನೀನು ಇದೇ ಮಾತು ಹೇಳಿದ್ದೆ ಕಣೇ.”

ನೀವು ಹೇಳಿದ್ದು ಎಂದೆ. ಪುಸ್ತಕದಲ್ಲೂ ಹಾಗೇ ಇದೆಯಲ್ಲ. ಇಲ್ಲ ಎಂದರು. ಆವತ್ತು ಇವರು ಲಾರಿ ಎಣಿಸುತ್ತಿದ್ದರಂತೆ. ಲಾರಿ ಕಡಿಮೆ ಇವೆ, ಈ ಕಾರ್ಖಾನೆ ಬೇಡ ಎಂದು ಎದ್ದು ನಿಂತಿದ್ದರಂತೆ. ನಾನು ಹಲ್ಲಿನಲ್ಲಿ ನೂಲು ಕಚ್ಚಿ ಕತ್ತರಿಸಿ, ಕೂತ್ಕೊಳ್ಳಿ, ಆ ಹೆಂಗಸರು ಒಬ್ಬರಿಗೊಬ್ಬರು ಕಾಯ್ತಿದ್ದಾರೆ ನೋಡಿ ಎಂದೆನಂತೆ. ಮೊದಲ ಸಲ ಪೇಪರಿನವನು ಕೇಳಿದಾಗ ಇವರ ಬಾಯಲ್ಲಿ “ನಾನು ನೋಡಿದೆ” ಎಂದು ಬಂದುಬಿಟ್ಟಿತಂತೆ. ಎರಡನೇ ಸಲ ತಿದ್ದಲು ನಾಚಿಕೆಯಾಯಿತಂತೆ. ಆಮೇಲೆ ಅದೇ ಅಚ್ಚಾಯಿತು.

ಆಗ ನನಗೆ ನೆನಪಾಯಿತು. ಆ ಹೆಂಗಸರ ಕೂದಲು ಒದ್ದೆ ಇತ್ತು, ಕಾರ್ಖಾನೆಯಲ್ಲೇ ಸ್ನಾನಕ್ಕೆ ಬಿಸಿನೀರು ಕೊಡುತ್ತಿದ್ದರು. ಅದನ್ನು ನೋಡಿದ್ದು ನಾನು. ನನ್ನ ಕಣ್ಣು. ಐವತ್ತು ವರ್ಷ ಇವರ ಬಾಯಲ್ಲಿ ಕೇಳಿ ಕೇಳಿ ನಾನೇ ಮರೆತಿದ್ದೆ.

ಫೆಬ್ರವರಿ 15

ಮಾತು ಬಿಟ್ಟಿದ್ದೇನೆ.

ಫೆಬ್ರವರಿ 16

ಇನ್ನೂ ಬಿಟ್ಟಿದ್ದೇನೆ. ಅಟ್ಟದ ಮೇಲಿಂದ ಹಳೆಯ ಸೂಜಿಡಬ್ಬಿ ಇಳಿಸಿದೆ. ಕತ್ತರಿಗೆ ತುಕ್ಕು ಹಿಡಿದಿಲ್ಲ.

ಫೆಬ್ರವರಿ 17

ಬೆಳಿಗ್ಗೆ ಗುಂಡಿ ಕಿತ್ತುಹೋದ ಶರ್ಟು ಹಿಡಿದುಕೊಂಡು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಗುಂಡಿ ಕಿತ್ತುಹೋದದ್ದಲ್ಲ, ಕತ್ತರಿಯಿಂದ ಕತ್ತರಿಸಿದ್ದು. ನೂಲಿನ ತುದಿ ನೋಡಿದರೆ ನನಗೆ ತಿಳಿಯುವುದಿಲ್ಲವೇ? ಎಂಬತ್ತಕ್ಕೆ ಎರಡು ತಿಂಗಳಿರುವ ಗಂಡಸಿಗೆ ಸುಳ್ಳು ಹೇಳಲೂ ಬರುವುದಿಲ್ಲ. ಹೊಲಿದುಕೊಟ್ಟೆ. ನೀವು ಮಾಡಿದ್ದು ತಪ್ಪು ಎಂದೆ. ಹೌದು ಎಂದರು. ನಾಳೆ ಹೇಳ್ತೀನಿ ಎನ್ನಲಿಲ್ಲ.

ಫೆಬ್ರವರಿ 23

ಮತ್ತೆ ಷೆಡ್ಡಿಗೆ ಹೋದೆವು. ಇವರು ಯಾರೆಂದು ಈಗ ವೆಲ್ಡರಮ್ಮನಿಗೆ ಗೊತ್ತಾಗಿದೆ, ಆದರೆ ಅದಕ್ಕೆ ಸೊಪ್ಪು ಹಾಕುವ ಪೈಕಿ ಅಲ್ಲ ಅವಳು. ಇವರು ದೊಡ್ಡ ಮೊತ್ತ ಹೇಳಿದರು. ಅವಳಿಗೆ ಸಿಟ್ಟೇ ಬಂತು.

“ಅಷ್ಟು ದುಡ್ಡು ಇಟ್ಕೊಂಡು ನಾನೇನು ಮಾಡ್ಲಿ ಸ್ವಾಮಿ? ದುಡ್ಡು ಕಾಯೋಕೆ ಹತ್ತು ಜನ, ಅವರನ್ನ ಕಾಯೋಕೆ ಇನ್ನೊಬ್ಬ. ಆಮೇಲೆ ವೆಲ್ಡಿಂಗ್ ಯಾರು ಮಾಡ್ತಾರೆ?”

ಏನು ಬೇಕು ಹೇಳಮ್ಮ ಎಂದು ನಾನು ಕೇಳಿದೆ. ಬೆರಳು ಮಡಿಸಿ ಹೇಳಿದಳು: ಸೋರದ ತಗಡು, ಕಬ್ಬಿಣ ಕಡೆಯುವ ಒಂದು ಲೇತ್ ಮೆಷಿನ್ನು, ಸರ್ಕಾರಿ ಫಾರಮ್ಮು ತುಂಬುವವನೊಬ್ಬ. ಹೊಸ ಲೇತ್ ಬೇಡ, ಹಳೆಯದಾದರೂ ನಡೆಯುತ್ತದೆ ಎಂದಳು. ಮೂರೂ ನಾನೇ ಬರೆದುಕೊಂಡೆ.

ಕಾರಿನಲ್ಲಿ ತಲೆ ಮೇಲೆ ಕೈಹೊತ್ತು ಕೂತರು. ಒಳ್ಳೆಯವರಿಗೆ ಇಷ್ಟೇ ಸಾಕು ಎಂದರೆ ಅರ್ಧ ಆಸ್ತಿ ಯಾವಾಗ ಮುಗಿಯುವುದು? ಇಂಥ ಸಾವಿರ ಷೆಡ್ಡು ಬೇಕು, ಒಂದೊಂದರ ಎದುರೂ ದಿನಗಟ್ಟಲೆ ಕೂರಬೇಕು. ನಾವಿರುವುದು ಇಬ್ಬರು. ಉಳಿದಿರುವುದು ಐವತ್ತಾರು ದಿನ. ಟೈಯಪ್ಪನವರು ಮೇಣದ ತಲೆಗೆ ಆರ್ಡರು ಕೊಟ್ಟೂ ಆಗಿದೆಯಂತೆ.

ಮಾರ್ಚ್ 6

ಇವತ್ತು ಫಿಸಿಯೋ ಮೇಷ್ಟ್ರ ಹಜಾರದಲ್ಲಿ ನನ್ನ ಸರದಿ ಕಾಯುತ್ತ ಕೂತಿದ್ದೆ. ಒಟ್ಟು ಏಳು ಜನ, ಎಲ್ಲರೂ ಮಂಡಿಯವರು. ನಿವೃತ್ತ ಬಸ್ ಕಂಡಕ್ಟರು, ನಿವೃತ್ತ ನರ್ಸು, ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಿದ್ದಾಕೆ, ಪೋಸ್ಟ್‌ಮ್ಯಾನು. ಬಾಗಿಲಲ್ಲಿ ಯಾರೋ ಒಬ್ಬರು ಬಂದರು. ಕಂಡಕ್ಟರು ತಗ್ಗಿದ ದನಿಯಲ್ಲಿ, ಇವರು ಫೀಸು ಕೊಡದೆ ಹೋಗ್ತಾರೆ ನೋಡಿ ಎಂದ. ಹಾಗೇ ಆಯಿತು. ಹೇಗೆ ಗೊತ್ತಾಯಿತು ಎಂದರೆ, ಮೂವತ್ತು ವರ್ಷ ಟಿಕೆಟ್ ಹರಿದಿದ್ದೀನಮ್ಮ, ಮುಖ ನೋಡಿದ್ರೆ ಸಾಕು ಎಂದ. ನರ್ಸಮ್ಮ ನಕ್ಕು, ಹೊಟ್ಟೆ ತುಂಬ ಊಟ ಸಿಗದ ಹಾಸ್ಟೆಲ್ ಹುಡುಗಿಯರನ್ನು ನಡಿಗೆಯಲ್ಲೇ ಗುರುತಿಸುತ್ತೇನೆ ಎಂದರು. ಅಡುಗೆಯಾಕೆ, ಅದಕ್ಕೆ ನಡಿಗೆ ಯಾಕೆ, ತಟ್ಟೆ ತೊಳೆಯೋ ನೀರು ನೋಡಿದ್ರೆ ಗೊತ್ತಾಗುತ್ತೆ ಎಂದಳು.

ನಾನು ಇವರನ್ನೆಲ್ಲ ನೋಡುತ್ತಲೇ ಕೂತೆ. ಇಷ್ಟೊಂದು ಕಣ್ಣು, ಎಲ್ಲ ಸುಮ್ಮನೆ ಗೋಡೆ ನೋಡುತ್ತಿವೆ.

ಮನೆಗೆ ಬಂದವಳೇ ಯಜಮಾನರಿಗೆ ಹೇಳಿದೆ: ಆ ಮಂಡಿಯವರಿಗೆಲ್ಲ ಒಂದೊಂದು ಮಡಿಸುವ ಕುರ್ಚಿ, ಒಂದೊಂದು ಫ್ಲಾಸ್ಕು, ತಿಂಗಳ ಸಂಬಳ. ಹಿಂದಿನ ಗೇಟಿನ ಎದುರು ಕೂತು ನೋಡಲಿ. ಎಲ್ಲಿ ಜನ ಒಬ್ಬರಿಗೊಬ್ಬರು ಕಾಯುತ್ತಾರೋ ಅಲ್ಲಿ ಒಳಗೆ ಹೋಗಿ ಏನು ಬೇಕು ಎಂದು ಕೇಳಲಿ, ಅಷ್ಟನ್ನೇ ಕೊಡಲಿ. ಇಂಥವರು ಸಾವಿರ ಜನ ಸಿಗುತ್ತಾರೆ. ಮಂಡಿನೋವಿಗೇನು ಬರವೇ?

ಇವರು ಬಾಯಿ ತೆರೆದರು. ನಾಳೆ ಹೇಳ್ತೀನಿ ಅಂದ್ರೆ ನೋಡಿ ಎಂದೆ. ಬಾಯಿ ಮುಚ್ಚಿಕೊಂಡು ಕುರ್ಚಿ ಅಂಗಡಿಯ ನಂಬರು ಹುಡುಕಿದರು. ಕುರ್ಚಿ ಕೊಳ್ಳಿ, ಕುರ್ಚಿಯ ಕಂಪನಿ ಕೊಳ್ಳಬೇಡಿ ಎಂದೂ ಹೇಳಿದೆ.

ಮಾರ್ಚ್ 22

ಉಸಿರಾಡಲೂ ಪುರಸೊತ್ತಿಲ್ಲ. ಈಗ ಹೊಲಿಗೆ ಕೋಣೆಯಾಗಿರುವ ನನ್ನ ಕೋಣೆಯೇ ಆಫೀಸು. ಏಳು ಜನದಿಂದ ಶುರುವಾದದ್ದು ಅರವತ್ತಾಗಿದೆ. ಎಲ್ಲರ ವರದಿಯೂ ನನ್ನ ಮೇಜಿಗೇ ಬರುತ್ತದೆ. ಒಬ್ಬೊಬ್ಬರದು ಒಂದೊಂದು ಭಾಷೆ. ಕಂಡಕ್ಟರಣ್ಣ ಒಂದು ಅನಾಥಾಶ್ರಮದ ಬಗ್ಗೆ ಬರೆದಿದ್ದಾನೆ: “ಗಾಡಿ ಹಳೇದು, ಇಂಜಿನ್ ಗಟ್ಟಿ, ಡ್ರೈವರಮ್ಮನಿಗೆ ನಿದ್ದೆ ಸಾಲದು. ಇನ್ನೊಬ್ಬ ಡ್ರೈವರ್ ಕೊಡಿ.” ಆಶ್ರಮ ನಡೆಸುವಾಕೆಗೆ ಕೂಡಲೇ ಒಬ್ಬ ಸಹಾಯಕಿಯನ್ನು ಕೊಟ್ಟೆವು.

ಅದೇ ಕಂಡಕ್ಟರಣ್ಣನಿಂದ ಮೊನ್ನೆ ಒಂದು ಎಡವಟ್ಟೂ ಆಯಿತು. ಶಾಲೆಯ ಹಿಂದಿನ ಗೇಟು ಎಂದುಕೊಂಡು ಪಕ್ಕದ ಬ್ಯಾಂಕಿನ ಹಿಂದಿನ ಗೇಟಿನ ಎದುರು ಎರಡು ದಿನ ಕೂತು, ಹೋಗಿಬರುವವರ ವೇಳೆಯನ್ನೆಲ್ಲ ಬರೆದುಕೊಂಡಿದ್ದಾನೆ. ಪೊಲೀಸರು ಎತ್ತಿಕೊಂಡು ಹೋದರು. ನಾನೂ ಮಗಳೂ ಠಾಣೆಗೆ ಹೋಗಿ ಬಿಡಿಸಿಕೊಂಡು ಬರಬೇಕಾಯಿತು. ಅಷ್ಟರಲ್ಲಿ ಅವನು ಠಾಣೆಯ ಬಗ್ಗೆಯೂ ಒಂದು ಪುಟ ಬರೆದಿದ್ದ. ಅಲ್ಲಿ ಯಾರೂ ಯಾರಿಗೂ ಕಾಯುವುದಿಲ್ಲವಂತೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಇವರು ಬೆಳಿಗ್ಗೆ ವರದಿಗಳನ್ನು ಜೋಡಿಸಿ, ಪಿನ್ನು ಹೊಡೆದು, ನನಗೆ ಚಹಾ ತಂದುಕೊಡುತ್ತಾರೆ. ಪಿನ್ನು ಸೊಟ್ಟ ಹೊಡೆಯುತ್ತಾರೆ. ಹೇಳಿ ಹೇಳಿ ಸಾಕಾಯಿತು.

ಏಪ್ರಿಲ್ 12

ಕಮಿಟಿಯ ಸಭೆ. ಟೈಯಪ್ಪನವರು ಗೋಡೆಯ ಮೇಲೆ ಮ್ಯೂಸಿಯಮ್ಮಿನ ಚಿತ್ರ ತೋರಿಸಿದರು. ಮೊದಲನೇ ಅಂತಸ್ತಿನಲ್ಲಿ ಸೋಪಿನ ಕಾರ್ಖಾನೆಯ ಗೇಟು, ಅದರ ಎದುರು ಇವರೊಬ್ಬರೇ ಕೂತ ಗೊಂಬೆ. ಪಕ್ಕದಲ್ಲಿ ಕಾಜಾ ಹಾಕುವವಳು ಯಾರೂ ಇರಲಿಲ್ಲ.

ಆಮೇಲೆ ನಮ್ಮ ಯೋಜನೆ. ಮಗಳು ಓದಿ ಹೇಳಿದಳು. ಟೈಯಪ್ಪನವರು ಬಹಳ ವಿನಯದಿಂದ ಕೆಮ್ಮಿದರು. ಅಮ್ಮನವರ ಮೇಲೆ ನಮಗೆಲ್ಲ ಗೌರವವಿದೆ, ಆದರೆ ಇಷ್ಟು ದೊಡ್ಡ ಮೊತ್ತ, ಕುರ್ಚಿ ಹಾಕಿಕೊಂಡು ಕೂರುವವರ ಮಾತಿನ ಮೇಲೆ? ಅಮ್ಮನವರಿಗೆ ಈ ಕ್ಷೇತ್ರದಲ್ಲಿ ಅನುಭವವಾದರೂ ಎಷ್ಟು?

ಅರವತ್ತು ಜನರ ಮುಖ ಕಣ್ಣ ಮುಂದೆ ಬಂತು. ಇದು ಕೈತಪ್ಪಿದರೆ ಅವರಿಗೆ ನಾನು ಏನು ಹೇಳಲಿ? ಅಷ್ಟರಲ್ಲಿ ಇವರು ಎದ್ದು ನಿಂತರು.

“ಐವತ್ತು ವರ್ಷ. ಸೋಪಿನ ಕಾರ್ಖಾನೆ ಆರಿಸಿದ್ದು ನಾನಲ್ಲ. ನಾನು ಲಾರಿ ಎಣಿಸಿ, ಬೇಡ ಅಂತ ಎದ್ದು ಹೊರಟಿದ್ದೆ. ಕೂತ್ಕೊಳ್ಳಿ ಅಂದೋಳು ಇವಳು. ಹಾಕಿದ ದುಡ್ಡೂ ಇವಳ ಅಂಗಡಿಯದು. ನನ್ನ ಕಥೆಯ ಮೊದಲನೇ ಪುಟವೇ ಸುಳ್ಳು. ಆ ಸುಳ್ಳಿನ ಮೇಲೆ ಏಳು ಅಂತಸ್ತು ಕಟ್ಟಬೇಡಿ.”

ಮಗಳು ನಮ್ಮ ಯೋಜನೆಯ ಕಾಗದ ಮುಂದಿಟ್ಟಳು. ಇವರು ಅಲ್ಲೇ, ಅದೇ ದಿನ, ಒಂದು ರಾತ್ರಿಯೂ ಮಲಗದೆ, ಸಹಿ ಹಾಕಿದರು. ನನಗೆ ಅಳು ಬಂತು. ಎದೆ ಹಗುರಾದ ಅಳು. ಕರವಸ್ತ್ರ ಸಿಗಲಿಲ್ಲ, ಟೈಯಪ್ಪನವರೇ ತಮ್ಮದನ್ನು ಕೊಟ್ಟರು. ಮನುಷ್ಯ ಕೆಟ್ಟವರಲ್ಲ.

ಮೇಣದ ತಲೆ ಮಾತ್ರ ಸಂಜೆ ಮನೆಗೆ ಬಂತು, ದುಡ್ಡು ಕೊಟ್ಟಾಗಿದೆಯಲ್ಲ. ಹೊಲಿಗೆ ಕೋಣೆಯಲ್ಲಿ ಇಟ್ಟಿದ್ದೇನೆ. ಟೋಪಿ ಹಾಕಿಡಲು ಹೇಳಿ ಮಾಡಿಸಿದಂತಿದೆ, ಎದುರು ಮಾತಾಡುವುದೂ ಇಲ್ಲ.

ಏಪ್ರಿಲ್ 19

ಫಿಸಿಯೋ ಮೇಷ್ಟ್ರು ಮೂರು ತಿಂಗಳ ಅಂಕಿ ಕೇಳಿದರು. ಚೀಟಿ ಬರೆಯೋಣವೆಂದು ಈ ಪುಸ್ತಕ ತಿರುವಿದರೆ ಫೆಬ್ರವರಿ ಹದಿನಾಲ್ಕರ ಮೇಲೆ ಒಂದು ಅಂಕಿಯೂ ಇಲ್ಲ. ನನಗೇ ನಾಚಿಕೆಯಾಯಿತು. ಮರೆತುಬಿಟ್ಟೆ, ಇನ್ನು ಮುಂದೆ ತಪ್ಪದೆ ಬರೆಯುತ್ತೇನೆ ಎಂದೆ. ಮೇಷ್ಟ್ರು ಬೇಡ ಬಿಡಿ ಎಂದು ನಕ್ಕರು. ಯಾಕೆ ನಕ್ಕರೋ.

ಸಂಜೆ ಇವರು ಹೊಲಿಗೆ ಕೋಣೆಯ ಬಾಗಿಲು ತಟ್ಟಿ ಒಳಗೆ ಬಂದರು. ಕೈಯಲ್ಲಿ ಒಂದು ಅರ್ಜಿ, ತಮ್ಮದೇ ಕೈಬರಹದಲ್ಲಿ. ಕೆಲಸ: ಹಿಂದಿನ ಗೇಟಿನ ಎದುರು ಕೂರುವುದು. ವಯಸ್ಸು: ನಾಳೆಗೆ ಎಂಬತ್ತು. ಸ್ವಂತ ಕುರ್ಚಿ ಇದೆ, ಬೆಸುಗೆ ಹಾಕಿಸಿದ್ದು.

ಎರಡು ಸಲ ಓದಿದೆ. ಮಡಿಸಿ ಸೂಜಿಡಬ್ಬಿಯ ಕೆಳಗಿಟ್ಟೆ. ಐವತ್ತೆರಡು ವರ್ಷದಿಂದ ಕಾಯುತ್ತಿದ್ದ ಮಾತು ತಾನಾಗಿ ಬಾಯಿಗೆ ಬಂತು.

“ನಾಳೆ ಹೇಳ್ತೀನಿ.”

ಏಪ್ರಿಲ್ 20

ರಾತ್ರಿ ನಾನು ಸೊಗಸಾಗಿ ನಿದ್ದೆ ಮಾಡಿದೆ. ಇವರು ಮಾಡಲಿಲ್ಲವಂತೆ. ಬಾಕಿ ತೀರಿತು.

ಬೆಳಿಗ್ಗೆ ಏಳಕ್ಕೆ ಇಸ್ತ್ರಿ ಶರ್ಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಒಂದು ಷರತ್ತು ಎಂದೆ: ಲಾರಿ ಎಣಿಸಬಾರದು. ಇವರಿಗೆ ಬಹಳ ಕಷ್ಟವಾಯಿತು, ಮುಖದಲ್ಲೇ ಕಂಡಿತು. ಕೊನೆಗೆ ಒಪ್ಪಿದರು. ಹೂಂ ಎಂದೆ.

ಹುಟ್ಟುಹಬ್ಬವನ್ನು ಒಂದು ಕಿವುಡರ ಶಾಲೆಯ ಹಿಂದಿನ ಗೇಟಿನ ಎದುರು ಕಳೆದೆವು. ಮಗಳು ಮಧ್ಯಾಹ್ನ ಕೇಕು ಅಲ್ಲಿಗೇ ತಂದಳು. ಎರಡು ಲಾರಿ ಬಂದವು, ಇವರು ಕಣ್ಣು ಮುಚ್ಚಿಕೊಂಡರು. ಸಂಜೆ ಮಕ್ಕಳು ಹೊರಬಂದರು. ಎಲ್ಲರ ಕೈಗಳೂ ಒಟ್ಟಿಗೇ ಮಾತಾಡುತ್ತಿದ್ದವು. ಕೊನೆಯ ಹುಡುಗಿ ಶೂ ಲೇಸು ಕಟ್ಟಿ ಮುಗಿಸುವವರೆಗೆ ಒಬ್ಬರೂ ಕದಲಲಿಲ್ಲ. ಇವರು ನನ್ನ ತೋಳು ಹಿಡಿದು, ನೋಡಿದೆಯಾ, ಕಾಯ್ತಿದ್ದಾರೆ ಎಂದರು. ಈ ಸಲ ನಿಜವಾಗಿಯೂ ಇವರೇ ಮೊದಲು ನೋಡಿದ್ದು. ಹಾಗೆಂದೇ ವರದಿಯಲ್ಲಿ ಬರೆಯುತ್ತೇನೆ.

ಒಳಗೆ ಹೋಗಿ ಏನು ಬೇಕು ಎಂದು ಕೇಳಲು ನನಗೆ ಅವಸರ. ದಿಂಬು, ಫ್ಲಾಸ್ಕು ಎತ್ತಿಕೊಂಡು ಸರಸರ ಹೊರಟವಳು, ಗೇಟಿನ ಹತ್ತಿರ ಬಂದು ಮಾತಾಡಲು ಪಕ್ಕಕ್ಕೆ ತಿರುಗಿದರೆ ಇವರಿಲ್ಲ. ಹಿಂದೆ, ಇನ್ನೂ ರಸ್ತೆಯ ಆಚೆ ಬದಿಯಲ್ಲೇ, ಎರಡು ಕುರ್ಚಿಗಳನ್ನೂ ಕಂಕುಳಲ್ಲಿ ಇರುಕಿಕೊಂಡು ನಿಧಾನವಾಗಿ ಬರುತ್ತಿದ್ದಾರೆ.

ಗೇಟಿನಲ್ಲೇ ನಿಂತು ಇವರು ಬರುವವರೆಗೂ ಕಾದೆ.